ಸೊಸೆಯ ಪ್ರಶ್ನೆಪತ್ರಿಕೆ

31 ವರ್ಷಗಳಿಂದ ಮಕ್ಕಳ ಮುಂದೆ ಪ್ರಶ್ನೆಪತ್ರಿಕೆ ಇಡುತ್ತ ಬಂದವಳು ನಾನು. ನನ್ನ ಮುಂದೆಯೂ ಯಾರಾದರೂ ಒಂದನ್ನು ತಂದಿಡಬಹುದು ಎಂದು ಎಣಿಸಿರಲಿಲ್ಲ. ಬಿ.ಎಡ್. ಮುಗಿದ ದಿನವೇ ಆ ಭಯದಿಂದ ಬಿಡುಗಡೆಯಾಯಿತು ಅಂದುಕೊಂಡಿದ್ದೆ. ಆದರೆ ಕಳೆದ ಆಟಿ ತಿಂಗಳ ಒಂದು ಸಂಜೆ, ಹೊರಗೆ ಮಳೆ ಹೊಡೆಯುತ್ತಿರುವಾಗ, ನನ್ನ ಸೊಸೆ ಮೇಜಿನ ಮೇಲಿದ್ದ ಪತ್ರೊಡೆಯ ಪಾತ್ರೆಯನ್ನು ಪಕ್ಕಕ್ಕೆ ಸರಿಸಿ ಎರಡು ಹಾಳೆ, ಒಂದು ಪೆನ್ಸಿಲು ಇಟ್ಟಳು. "ಅತ್ತಿಯವರ, ಒಂದ್ ಇಪ್ಪತ್ತು ನಿಮಿಷ ಸಾಕ್ರಿ" ಎಂದಳು.

ಸೊಸೆ ಹುಬ್ಬಳ್ಳಿಯವಳು. ನಾವು ಮಂಗಳೂರಿನ ಕಡೆಯವರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಮುಂದೆ ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿಗಳಿಗೂ ಹೋದ ಕಾರಣ ನಮ್ಮಲ್ಲಿ ಇಂಥ ಸಂಬಂಧಗಳು ಹೊಸತಲ್ಲ. ಆದರೂ ಜೋಳದ ರೊಟ್ಟಿಯ ಮನೆಯಿಂದ ಕುಚ್ಚಲಕ್ಕಿ ಗಂಜಿಯ ಮನೆಗೆ ಬಂದ ಹುಡುಗಿಗೆ ಏನೇನು ಹೊಂದಿಕೆ ಮಾಡಿಕೊಳ್ಳಬೇಕಾಯಿತೋ ಅದನ್ನು ನಾನು ಆಗ ಯೋಚಿಸಿದವಳಲ್ಲ. ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದವಳು ಮಗು ಹುಟ್ಟಿದ ಮೇಲೆ ಬಿಟ್ಟಳು. ಸುಮ್ಮನೆ ಕೂರುವ ಜಾತಿಯಲ್ಲ ಅದು. ಮಗು ಮಲಗಿದ ಮೇಲೆ ಲ್ಯಾಪ್‌ಟಾಪಿನ ಮುಂದೆ ಕೂತು 'ಕ್ರಿಶ್ಚಿಯನ್ ಲೈಫ್ ಕೋಚಿಂಗ್' ಎಂಬ ತರಬೇತಿಗೆ ಸೇರಿದಳು.

ಕೋಚಿಂಗ್ ಎಂದರೆ ನಮಗೆ ಗೊತ್ತಿರುವುದು ಸಿಇಟಿ ಕೋಚಿಂಗ್. ಬದುಕಿಗೂ ಕೋಚಿಂಗೇ ಎಂದು ನಾನು ನಕ್ಕೆ. ಅವಳು ನಗಲಿಲ್ಲ, ವಿವರಿಸಿದಳು. ಕೋಚ್ ಎಂಬ ಮಾತು ಹಂಗೇರಿ ದೇಶದ ಕೋಚ್ ಎಂಬ ಊರಿನ ಕುದುರೆಗಾಡಿಯಿಂದ ಬಂದದ್ದಂತೆ. ಗಾಡಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸುತ್ತದೆ, ಎಲ್ಲಿಗೆ ಹೋಗಬೇಕೆಂದು ಹೇಳುವವರು ಮಾತ್ರ ಕೂತವರು. ಅಮೆರಿಕದಲ್ಲಿ 1990ರ ದಶಕದಲ್ಲಿ ಇದೊಂದು ವೃತ್ತಿಯಾಗಿ ಬೆಳೆಯಿತು. 2001ರಲ್ಲಿ ಗ್ಯಾರಿ ಕಾಲಿನ್ಸ್ ಎಂಬ ಮನಶ್ಶಾಸ್ತ್ರಜ್ಞರು 'ಕ್ರಿಶ್ಚಿಯನ್ ಕೋಚಿಂಗ್' ಎಂಬ ಪುಸ್ತಕವನ್ನೇ ಬರೆದರು. ಕೋಚ್ ಆದವರು ಸಭಾಪಾಲಕರ ಹಾಗೆ ಬೋಧಿಸುವುದಿಲ್ಲ, ಡಾಕ್ಟರ ಹಾಗೆ ಔಷಧಿ ಕೊಡುವುದಿಲ್ಲ. ಕೇಳುತ್ತಾರೆ, ಕೇಳಿಸಿಕೊಳ್ಳುತ್ತಾರೆ, ಜೊತೆಗೆ ಕೂತು ಪ್ರಾರ್ಥಿಸುತ್ತಾರೆ. ಬುದ್ಧಿವಾದ ಹೇಳಲೇ ಕೂಡದು.

"ಬುದ್ಧಿವಾದ ಹೇಳದೆ ಹೇಗೆ ಮಾರಾಯ್ತಿ ಇರುವುದು?" ಎಂದೆ. ತರಕಾರಿಯವನು ಕೊಡುವ ಕರಿಬೇವಿನ ಹಾಗೆ ಅದು ನಮ್ಮಲ್ಲಿ ಪುಕ್ಕಟೆ ಬರುವ ವಸ್ತು. ಕೇಳದಿದ್ದರೂ ಚೀಲಕ್ಕೆ ಬಿದ್ದಿರುತ್ತದೆ.

ತರಬೇತಿಯಲ್ಲಿ ಅವಳಿಗೆ ಹೇಳಿಕೊಟ್ಟದ್ದು ಏನೆಂದರೆ, ಗುರುತಿಲ್ಲದವರ ಎದುರು ಯಾರೂ ಮೊದಲ ದಿನವೇ ಮನಸ್ಸು ಬಿಚ್ಚುವುದಿಲ್ಲ. ಆದ್ದರಿಂದ ಮೊದಲು ಒಂದು ಸ್ವಭಾವ ಪರೀಕ್ಷೆ ಕೊಡಬೇಕು. ಆ ಹಾಳೆಯನ್ನು ನಡುವೆ ಇಟ್ಟುಕೊಂಡರೆ ಮಾತಿಗೆ ಒಂದು ದಾರಿ ಸಿಗುತ್ತದೆ, ವಿಶ್ವಾಸ ಬೆಳೆಯುತ್ತದೆ. ಹೆಣ್ಣು ನೋಡಲು ಬಂದಾಗ ಉಪ್ಪಿಟ್ಟಿನ ತಟ್ಟೆ ಇಡುವುದಿಲ್ಲವೇ, ಹಾಗೆ. ಯಾರಿಗೂ ಹಸಿವಿಲ್ಲದಿದ್ದರೂ ಎಲ್ಲರಿಗೂ ನೋಡಲು ಒಂದು ವಸ್ತು ಬೇಕಾಗುತ್ತದೆ. ಅಭ್ಯಾಸಕ್ಕಾಗಿ ಅವಳಿಗೆ ಮೂರು ಜನ ಬೇಕಿದ್ದರು. ಇಬ್ಬರು ಗೆಳತಿಯರು ಸಿಕ್ಕಿದ್ದರು. ಮೂರನೆಯವಳು ನಾನು. ಬೇರೆ ಯಾರೂ ಸಿಗದೆ ನನ್ನಲ್ಲಿಗೆ ಬಂದಳೆಂದೇ ನಾನು ತಿಳಿದದ್ದು.

ಹಾಳೆಯಲ್ಲಿ 24 ಚೌಕಗಳು. ಒಂದೊಂದರಲ್ಲಿ ನಾಲ್ಕು ಪದಗಳು. ನಮಗೆ ಬಹಳ ಒಪ್ಪುವುದಕ್ಕೆ ಒಂದು ಗುರುತು, ಸ್ವಲ್ಪವೂ ಒಪ್ಪದ್ದಕ್ಕೆ ಇನ್ನೊಂದು. ಎಲ್ಲ ಇಂಗ್ಲಿಷಿನಲ್ಲಿ. ನಮ್ಮ ಮನೆಮಾತು ತುಳು, ಪ್ರಾರ್ಥನೆ ಕನ್ನಡದಲ್ಲಿ, ಇಂಗ್ಲಿಷು ಬ್ಯಾಂಕಿಗೆ ಮತ್ತು ಡಾಕ್ಟರಿಗೆ. ನನ್ನ ಸ್ವಭಾವವನ್ನು ನಾನು ಇಂಗ್ಲಿಷಿನಲ್ಲಿ ಯಾವತ್ತೂ ಯೋಚಿಸಿರಲಿಲ್ಲ. 'ಔಟ್‌ಗೋಯಿಂಗ್' ಎಂಬ ಪದ ನೋಡಿ ನನಗೆ ಹತ್ತನೇ ತರಗತಿಯ ಬೀಳ್ಕೊಡುಗೆ ನೆನಪಾಯಿತು. ನಮ್ಮ ಶಾಲೆಯಲ್ಲಿ ಔಟ್‌ಗೋಯಿಂಗ್ ಎಂದರೆ ಬಿಟ್ಟು ಹೋಗುವವರು. 'ರಿಸರ್ವ್ಡ್' ಎಂಬುದು ಬಸ್ಸಿನಲ್ಲಿ ಮಹಿಳೆಯರ ಸೀಟಿನ ಮೇಲೆ ಬರೆದಿರುವ ಮಾತು. 'ಅಸರ್ಟಿವ್' ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಗಂಡಸಾದರೆ ದಿಟ್ಟ, ಹೆಂಗಸಾದರೆ ಬಜಾರಿ! ಆ ಚೌಕವನ್ನು ಮುಟ್ಟಲಿಲ್ಲ.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ನಾನು ನಿಜ ಬರೆಯಲಿಲ್ಲ. ಪರೀಕ್ಷೆ ಎಂದ ಮೇಲೆ ಸರಿಯಾದ ಉತ್ತರ ಇರಲೇಬೇಕಲ್ಲ? ತಾಳ್ಮೆ, ಶಾಂತಿ, ಸಹಕಾರ ಎಂದು ಎಲ್ಲೆಲ್ಲಿ ಕಂಡಿತೋ ಅಲ್ಲೆಲ್ಲ ಗುರುತು ಹಾಕಿದೆ. ಒಳ್ಳೆಯ ಟೀಚರು, ಒಳ್ಳೆಯ ಕ್ರೈಸ್ತ ಹೆಂಗಸು ಏನು ಬರೆಯಬೇಕೋ ಅದನ್ನು ಬರೆದೆ. ಈ ಪರೀಕ್ಷೆಯ ಮೂಲಪುರುಷನ ಕಥೆಯನ್ನು ಆಮೇಲೆ ಸೊಸೆ ಹೇಳಿದಾಗ ನಗು ಬಂತು. ವಿಲಿಯಂ ಮೌಲ್ಟನ್ ಮಾರ್ಸ್ಟನ್ ಎಂಬ ಅಮೆರಿಕದವನು 1928ರಲ್ಲಿ ಸಾಮಾನ್ಯ ಜನರ ಭಾವನೆಗಳ ಬಗ್ಗೆ ಪುಸ್ತಕ ಬರೆದು ಮನುಷ್ಯರ ನಡವಳಿಕೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ. ಪರೀಕ್ಷೆ ಮಾಡಿದವರು ಬೇರೆಯವರು, ಅವನ ನಂತರ. ಅವನಾದರೋ ಸುಳ್ಳು ಹೇಳುವಾಗ ರಕ್ತದೊತ್ತಡ ಏರುತ್ತದೆಯೇ ಎಂದು ಅಳೆಯುತ್ತಿದ್ದ. ಮಕ್ಕಳ ಚಿತ್ರಕಥೆಯ 'ವಂಡರ್ ವುಮನ್' ಕೂಡ ಅವನದೇ ಸೃಷ್ಟಿ, 1941ರದು. ಅವಳ ಕೈಯಲ್ಲೊಂದು ಹಗ್ಗ ಉಂಟು, ಅದರಿಂದ ಕಟ್ಟಿದರೆ ಯಾರೂ ಸುಳ್ಳು ಹೇಳಲಾರರು. ಆ ಹಗ್ಗ ನಮ್ಮ ಮೇಜಿನ ಮೇಲೆ ಇರಲಿಲ್ಲ, ನನ್ನ ಪುಣ್ಯ.

ಎರಡು ದಿನ ಬಿಟ್ಟು ಫಲಿತಾಂಶ ಬಂತು. ನಾನು ಶಾಂತ ಸ್ವಭಾವದವಳು, ತಾಳ್ಮೆಯುಳ್ಳವಳು, ಮಾತು ಕಡಿಮೆ, ಒಬ್ಬಳೇ ಇರುವುದು ನನಗೆ ಹಿತ, ಬದಲಾವಣೆ ಬೇಗ ಒಗ್ಗುವುದಿಲ್ಲ, ಇತ್ಯಾದಿ. ಓದಿ ನನಗೆ ಸಂತೋಷವೇ ಆಯಿತು. ಯಾರಿಗೆ ಆಗುವುದಿಲ್ಲ? 1948ರಲ್ಲಿ ಲಾಸ್ ಏಂಜಲೀಸಿನ ಬರ್ಟ್ರಂ ಫೋರರ್ ಎಂಬ ಮನಶ್ಶಾಸ್ತ್ರದ ಮೇಷ್ಟ್ರು ತನ್ನ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ಒಬ್ಬೊಬ್ಬರಿಗೂ ಅವರವರ ಗುಣವರ್ಣನೆ ಎಂದು ಒಂದು ಹಾಳೆ ಹಂಚಿದ. ಎಷ್ಟು ಸರಿಯಾಗಿದೆ ಎಂದು ಐದರಲ್ಲಿ ಅಂಕ ಕೊಡಿ ಎಂದ. ಸರಾಸರಿ 4.26 ಬಂತು. ಆಮೇಲೆ ನೋಡಿದರೆ ಎಲ್ಲರ ಹಾಳೆಯಲ್ಲೂ ಒಂದೇ ವರ್ಣನೆ, ಅದೂ ಬಹುಪಾಲು ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು! ನನ್ನ ತರಗತಿಯಲ್ಲಿ ಈ ಆಟ ಆಡಿ ನೋಡಬೇಕೆಂಬ ಆಸೆ ನನಗೂ ಇದೆ.

ಸೊಸೆ ಓದಿ ಮುಗಿಸಿ ನನ್ನ ಮುಖ ನೋಡಿದಳು. ಆಮೇಲೆ ತನ್ನ ಹಾಳೆಯನ್ನೂ ತೆಗೆದು ನನ್ನ ಹಾಳೆಯ ಪಕ್ಕ ಇಟ್ಟಳು. ತರಬೇತಿಗೆ ಸೇರಿದಾಗ ಅವಳೂ ಪರೀಕ್ಷೆ ಬರೆದಿದ್ದಳು. ಅದರಲ್ಲಿ, ಇವಳು ಎಲ್ಲರೊಂದಿಗೆ ಸಲೀಸಾಗಿ ಬೆರೆಯುತ್ತಾಳೆ ಎಂಬ ಸಾಲಿತ್ತು. ಆ ಸಾಲಿಗೆ ಪೆನ್ಸಿಲಿನಲ್ಲಿ ಗೀಟು ಎಳೆದು ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 'ಈ ಮನಿಯಾಗ ಇಲ್ಲ' ಎಂದು ಬರೆದುಕೊಂಡಿದ್ದಳು.

ನಾನು ಅದನ್ನು ಎರಡು ಸಲ ಓದಿದೆ. ಓದಿಲ್ಲದವಳ ಹಾಗೆ ಕಿಟಕಿಯ ಕಡೆ ನೋಡಿದೆ.

"ನಿಮ್ಮ ಹಾಳ್ಯಾಗ ಮಾತು ಕಡಿಮಿ ಅಂತ ಬಂದೈತಿ" ಎಂದಳು ಸೊಸೆ. "ನೀವು ಮೊದಲಿಂದನೂ ಹಿಂಗ ಏನ್ರಿ ಅತ್ತಿ, ಇಲ್ಲಾ ಮಾವಾರು ಹೋದಮ್ಯಾಲೆ ಹಿಂಗಾದ್ರಿ?"

ನಾನು ಉತ್ತರ ಕೊಡಲಿಲ್ಲ. ನನ್ನ ಕಣ್ಣ ಮುಂದೆ ಬೇರೊಂದು ಹಾಳೆ ಬಂದು ನಿಂತಿತ್ತು. ಅದರ ಕಥೆಯನ್ನು ಇಲ್ಲಿ ಹೇಳಲೇಬೇಕು.

1998ರ ಮಾತು. ಕೆಲಸಕ್ಕೆ ಸೇರಿ ಬಹಳ ವರ್ಷ ಆಗಿರಲಿಲ್ಲ. ಎಂಟನೇ ತರಗತಿಯ ಕ್ಲಾಸ್ ಟೀಚರು ನಾನು. ಆಗ ಪ್ರೋಗ್ರೆಸ್ ಕಾರ್ಡುಗಳಲ್ಲಿ ಅಂಕಗಳ ಕೆಳಗೆ 'ಷರಾ' ಎಂಬ ಒಂದು ಅಂಕಣವಿತ್ತು. 54 ಮಕ್ಕಳ ಗುಣವನ್ನು ಒಂದೇ ಮಧ್ಯಾಹ್ನದಲ್ಲಿ ಬರೆದು ಮುಗಿಸಬೇಕು. ನಾಲ್ಕೈದು ಮಾತುಗಳನ್ನು ಇಟ್ಟುಕೊಂಡು ಸರದಿಯಂತೆ ಬರೆಯುತ್ತಿದ್ದೆವು. ಚುರುಕು, ಗಮನ ಸಾಲದು, ಶ್ರಮಪಡಬೇಕು, ವಿಧೇಯಳು. ಹಿಂದಿನ ಬೆಂಚಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಜೂನ್ ತಿಂಗಳಿಂದ ಕೇಳಿದ್ದಕ್ಕೆ ಮಾತ್ರ ಉತ್ತರ, ಅದೂ ತಲೆ ತಗ್ಗಿಸಿ. ಗಲಾಟೆ ಇಲ್ಲ, ದೂರಿಲ್ಲ. ನನಗೆ ಅವಳ ಮೇಲೆ ಒಳ್ಳೆಯ ಅಭಿಪ್ರಾಯವೇ ಇತ್ತು. ಯೋಚಿಸಿ, ಉಳಿದವರಿಗೆ ಹಾಕದ ಒಂದು ಚಂದದ ಮಾತು ಹಾಕಿದೆ: 'ಮಿತಭಾಷಿ'.

ಇಪ್ಪತ್ತು ವರ್ಷ ದಾಟಿದ ಮೇಲೆ ಒಂದು ಪೋಷಕರ ಸಭೆಗೆ ಅವಳು ಬಂದಳು. ಈಗ ಪೇಟೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ, ಮಗಳು ನಮ್ಮಲ್ಲೇ ಕಲಿಯುತ್ತಾಳೆ. ಸಭೆ ಮುಗಿದು ಎಲ್ಲ ಹೋದ ಮೇಲೆ ಹತ್ತಿರ ಬಂದು ನಗುತ್ತಲೇ ಹೇಳಿದಳು: "ಟೀಚರ್, ನೀವು ನನ್ನ ಕಾರ್ಡಿನಲ್ಲಿ ಮಿತಭಾಷಿ ಅಂತ ಬರೆದಿದ್ರಿ. ಅಪ್ಪನಿಗೆ ಅದು ಭಾರೀ ಖುಷಿಯಾಗಿತ್ತು. ಬಂದವರಿಗೆಲ್ಲ ತೋರಿಸ್ತಿದ್ರು. ಆ ವರ್ಷ ಮೇ ತಿಂಗಳಲ್ಲಿ ನನ್ನ ಅಮ್ಮ ತೀರಿಹೋಗಿದ್ದು. ನನಗೆ ಮಾತಾಡ್ಲಿಕ್ಕೆ ಆಗ್ತಿರ್ಲಿಲ್ಲ, ಅಷ್ಟೇ. ಆಮೇಲೆ ಮಾತಾಡ್ಲಿಕ್ಕೆ ಹೊರಟ್ರೆ ಅಪ್ಪ, ನೀನು ಮಿತಭಾಷಿ ಅಲ್ವಾ ಅಂತಿದ್ರು."

ಅವಳು ದೂರಲಿಲ್ಲ. ತಮಾಷೆ ಹೇಳುವವಳ ಹಾಗೆ ಹೇಳಿ, ಮಗಳ ಗಣಿತದ ಬಗ್ಗೆ ಕೇಳಿ ಹೋದಳು. ನಾನು ಆ ದಿನ ಮನೆಗೆ ಹೇಗೆ ಬಂದೆನೋ. ತಾಯಿ ಸತ್ತ ವಿಷಯ ನನಗೆ ಗೊತ್ತಿರಲಿಲ್ಲ ಎಂದು ಸಮಾಧಾನ ಹೇಳಿಕೊಂಡೆ. ಕೇಳಿದ್ದರೆ ಗೊತ್ತಾಗುತ್ತಿತ್ತು. ಮೊದಲಿನಿಂದಲೂ ಹೀಗೆಯೇ, ಈಚೆಗೆ ಹೀಗಾದೆಯಾ ಎಂದು ಒಂದು ಮಾತು. ಏಳನೇ ತರಗತಿಯ ಟೀಚರು ಪಕ್ಕದ ಕುರ್ಚಿಯಲ್ಲೇ ಕೂರುತ್ತಿದ್ದರು, ಅವರನ್ನಾದರೂ ಕೇಳಬಹುದಿತ್ತು.

ಈಗ ಅದೇ ಪ್ರಶ್ನೆಯನ್ನು ನನ್ನ ಸೊಸೆ ನನಗೆ ಕೇಳಿದ್ದಳು.

ಹೇಳಿದೆ. ಮೊದಲು ಕಷ್ಟವಾಯಿತು, ಆಮೇಲೆ ನಿಲ್ಲಲಿಲ್ಲ. ನಾನು ಮೌನಿಯಲ್ಲ, ಈ ಮನೆಯಲ್ಲಿ ಅತಿ ಹೆಚ್ಚು ಮಾತಾಡುತ್ತಿದ್ದವಳೇ ನಾನು. ಅವರು ಸಂಜೆ ವಾಕಿಂಗ್ ಮುಗಿಸಿ ಬಂದು ಚಾ ಕುಡಿಯುತ್ತ ಪೇಪರು ಗಟ್ಟಿಯಾಗಿ ಓದುತ್ತಿದ್ದರು, ನಾನು ಪ್ರತಿ ಸುದ್ದಿಗೂ ಅಡ್ಡ ಮಾತು ಹಾಕುತ್ತಿದ್ದೆ. ಒಂದು ಪುಟ ಮುಗಿಯಲು ಒಂದು ಗಂಟೆ. ನನ್ನ ಮಾತೆಲ್ಲ ಆ ಅಡ್ಡ ಮಾತುಗಳೇ. ಓದುವವರು ಹೋದ ಮೇಲೆ ಯಾವುದಕ್ಕೆ ಅಡ್ಡ ಹಾಕಲಿ? ಮಗ ಪೇಪರನ್ನು ಫೋನಿನಲ್ಲಿ ಓದುತ್ತಾನೆ, ಬಾಯಿ ಮುಚ್ಚಿಕೊಂಡು. ಶಾಲೆಯಲ್ಲಿ ಪಾಠಕ್ಕೆ ಬೇಕಾದಷ್ಟು ಮಾತಾಡಿ ಬಂದರೆ ಮನೆಯಲ್ಲಿ ಬಾಗಿಲು ಹಾಕಿದ ಹಾಗೆ ಇರುತ್ತಿದ್ದೆ.

ಮದುವೆಯಾಗಿ ಎಂಟು ತಿಂಗಳಿಗೇ ಅವಳ ಮಾವ ತೀರಿಕೊಂಡರು. ಆ ಎಂಟು ತಿಂಗಳೂ ಮಗ ಸೊಸೆ ಬೆಂಗಳೂರಿನಲ್ಲಿದ್ದರು. ಅಂದರೆ ಮಾತಾಡುವ ಅತ್ತೆಯನ್ನು ಅವಳು ನೋಡಿಯೇ ಇರಲಿಲ್ಲ. ಮಂಗಳೂರಿಗೆ ಬಂದು ನೆಲೆಸಿದ ಮೇಲೆ ಅವಳಿಗೆ ಸಿಕ್ಕವಳು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಹೆಂಗಸು. "ನಾ ಬಂದಿದ್ದ ನಿಮಗ ಸೇರಿಲ್ಲ ಅಂತ ಮೂರು ವರ್ಷ ತಿಳ್ಕೊಂಡಿದ್ದೆ ಅತ್ತಿ" ಎಂದಳು. "ಅಡಗಿ ಖಾರ ಆತೇನೋ, ನನ್ನ ಮಾತು ಜೋರಾತೇನೋ ಅಂತ ದಿನಾ ಅನ್ಕೊಂತಿದ್ದೆ."

ಪತ್ರೊಡೆ ತಣ್ಣಗಾಗಿತ್ತು. ಇಬ್ಬರೂ ತಿಂದೆವು.

ಇದರಿಂದ ಪರೀಕ್ಷೆ ಗೆದ್ದಿತು ಎನ್ನಬೇಡಿ. ಹಾಳೆ ನನ್ನ ಬಗ್ಗೆ ಹೇಳಿದ್ದು ತಪ್ಪು, ಅವಳ ಬಗ್ಗೆ ಹೇಳಿದ್ದು ಅರ್ಧ ತಪ್ಪು. ಅವಳು ತನ್ನ ಹಾಳೆಯನ್ನು ಮೊದಲು ತೆರೆದು ತೋರಿಸದಿದ್ದರೆ, ಗೀಟು ಎಳೆದ ಸಾಲು ನನ್ನ ಕಣ್ಣಿಗೆ ಬೀಳದಿದ್ದರೆ, ನಾನು ನನ್ನ ತಾಳ್ಮೆಯ ಸರ್ಟಿಫಿಕೇಟನ್ನು ಕಪಾಟಿನಲ್ಲಿಟ್ಟು ಸುಮ್ಮನಿರುತ್ತಿದ್ದೆ. ಈ ವಿಷಯದಲ್ಲಿ ನನ್ನಂಥ ಇನ್ನೊಬ್ಬ ಅತ್ತೆ ಇದ್ದಳೆಂಬುದು ನನಗೆ ಆಮೇಲೆ ತಿಳಿದು ಬಹಳ ಸಂತೋಷವಾಯಿತು. ಮನುಷ್ಯರನ್ನು 16 ಬಗೆಯಾಗಿ ವಿಂಗಡಿಸುವ ಮೈಯರ್ಸ್-ಬ್ರಿಗ್ಸ್ ಪರೀಕ್ಷೆಯ ಬೇರು ಇರುವುದು ಕ್ಯಾಥರೀನ್ ಬ್ರಿಗ್ಸ್ ಎಂಬ ತಾಯಿಯ ಮನೆಯಲ್ಲಿ. 1917ರಲ್ಲಿ ಮಗಳು ಇಸಬೆಲ್ ತಾನು ಮದುವೆಯಾಗಲಿರುವ ಹುಡುಗನನ್ನು ಮನೆಗೆ ಕರೆತಂದಳು. ಹುಡುಗ ಒಳ್ಳೆಯವನು, ಆದರೆ ಯೋಚಿಸುವ ರೀತಿ ಈ ಮನೆಯವರದಲ್ಲ. ಇವನು ಹೀಗೇಕೆ ಎಂದು ಆ ತಾಯಿ ಓದತೊಡಗಿದಳು. 1923ರಲ್ಲಿ ಯೂಂಗನ ಪುಸ್ತಕ ಇಂಗ್ಲಿಷಿಗೆ ಬಂದಾಗ ಅದನ್ನೇ ಹಿಡಿದು ಕೂತಳು. ಮುಂದೆ ಮಗಳು ಅದರಿಂದ ಪರೀಕ್ಷೆಯನ್ನು ಕಟ್ಟಿದಳು. ಇಬ್ಬರೂ ಮನಶ್ಶಾಸ್ತ್ರ ಓದಿ ಪದವಿ ಪಡೆದವರಲ್ಲ. ಪಂಡಿತರು ಆ ಪರೀಕ್ಷೆಯನ್ನು ಅಷ್ಟಾಗಿ ಒಪ್ಪುವುದಿಲ್ಲ. ಕೆಲವು ವಾರ ಬಿಟ್ಟು ಮತ್ತೆ ಬರೆದರೆ ಎಷ್ಟೋ ಜನ ಬೇರೆ ಗುಂಪಿಗೆ ಬೀಳುತ್ತಾರಂತೆ. ಅದಿರಲಿ, ಅಳಿಯನನ್ನು ಅರ್ಥ ಮಾಡಿಕೊಳ್ಳಲು ಇಷ್ಟು ಶ್ರಮಪಟ್ಟ ಅತ್ತೆಗೆ ನನ್ನದೊಂದು ನಮಸ್ಕಾರ.

ಮಳೆಗಾಲ ಕಳೆದ ಮೇಲೆ ನಮ್ಮ ಸಭೆಯ ಹೆಂಗಸರ ಕೂಟದಲ್ಲಿ ಇದೇ ವಿಷಯದ ಮೇಲೆ ಒಂದು ದಿನದ ಕಾರ್ಯಕ್ರಮವಾಯಿತು. ನಡೆಸಿಕೊಟ್ಟವರು ಹೊರಗಿನಿಂದ ಬಂದವರು. ಕ್ಯಾಲಿಫೋರ್ನಿಯದ ಪಾಸ್ಟರ್ ಟಿಮ್ ಲಹೇ 1966ರಲ್ಲಿ ಬರೆದು ಪ್ರಸಿದ್ಧವಾದ ನಾಲ್ಕು ಸ್ವಭಾವಗಳಿಂದ ಶುರುಮಾಡಿದರು. ಅವು ಹಳೆಯ ಗ್ರೀಕರ ರಕ್ತ, ಪಿತ್ತ, ಕರಿಪಿತ್ತ, ಕಫ. ನಮ್ಮ ವಾತಪಿತ್ತಕಫಗಳ ದಾಯಾದಿಗಳು ಎನ್ನಿ. ಪೇತ್ರ ಈ ಸ್ವಭಾವದವನು, ಪೌಲ ಆ ಸ್ವಭಾವದವನು, ಮೋಶೆ ಮತ್ತೊಂದು, ಅಬ್ರಹಾಮ ಇನ್ನೊಂದು ಎಂದು ಲಹೇ ಹಂಚಿಬಿಟ್ಟಿದ್ದಾರೆ. ಅಲ್ಲಿಯವರೆಗೆ ಎಲ್ಲರೂ ಖುಷಿಯಾಗಿದ್ದರು. ಆಮೇಲೆ ಪ್ರಾಣಿಗಳು ಬಂದವು. 1990ರಲ್ಲಿ ಗ್ಯಾರಿ ಸ್ಮಾಲಿ, ಜಾನ್ ಟ್ರೆಂಟ್ ಎಂಬಿಬ್ಬರು ಸಿಂಹ, ನೀರುನಾಯಿ, ಬೀವರ್, ಗೋಲ್ಡನ್ ರಿಟ್ರೀವರ್ ಎಂದು ನಾಲ್ಕು ಹೆಸರು ಕೊಟ್ಟಿದ್ದರು. ಬೀವರ್ ಹೊಳೆಗೆ ಒಡ್ಡು ಕಟ್ಟುವ ಪ್ರಾಣಿ, ನಮ್ಮ ಕಡೆ ಯಾರೂ ಕಂಡದ್ದಿಲ್ಲ. ಗೋಲ್ಡನ್ ರಿಟ್ರೀವರ್ ಎಂದರೆ ನಂಬಿಗಸ್ಥ, ಮೃದು ಸ್ವಭಾವ. ಅಮೆರಿಕದಲ್ಲಿ ಅದು ಹೊಗಳಿಕೆ. ನಮ್ಮ ಕೂಟದ ಹಿರಿಯರೊಬ್ಬರಿಗೆ ಅದು ಬಂತು. "ಇಷ್ಟು ವರ್ಷ ಸಭೆಗೆ ದುಡಿದದ್ದಕ್ಕೆ ಕೊನೆಗೆ ನಾಯಿ ಅಂದರಲ್ಲ" ಎಂದು ಊಟಕ್ಕೂ ನಿಲ್ಲದೆ ಹೋದರು. ಅವರನ್ನು ಸಮಾಧಾನ ಮಾಡಲು ಸಭಾಪಾಲಕರ ಹೆಂಡತಿ ಎರಡು ಸಲ ಹೋಗಬೇಕಾಯಿತು.

ಅದನ್ನು ನಗುತ್ತ ಮರೆಯಬಹುದು. ಇನ್ನೊಂದನ್ನು ಮರೆಯಲಾಗುವುದಿಲ್ಲ. ಗುಂಪಿನಲ್ಲಿ ಒಬ್ಬಳು ಚಿಕ್ಕ ಹೆಂಗಸಿನ ಹಾಳೆಯನ್ನು ಗಟ್ಟಿಯಾಗಿ ಓದಿ, ನಿಮ್ಮದು ಚಿಂತೆಯ ಸ್ವಭಾವ, ಅದನ್ನು ದೇವರ ಕೈಗೆ ಒಪ್ಪಿಸಿ ಎಂದರು. ಆ ಹೆಂಗಸಿನ ಗಂಡ ಸಂಬಳದ ದಿನ ಮನೆಗೆ ಹೇಗೆ ಬರುತ್ತಾನೆಂದು ಅವಳ ಬೀದಿಯವರಿಗೆಲ್ಲ ಗೊತ್ತು. ಚಿಂತೆ ಅವಳ ಸ್ವಭಾವವೇ? ಮೊದಲಿನಿಂದಲೂ ಹೀಗೋ ಎಂದು ಕೇಳಿದವರಿಲ್ಲ. ಅವಳು ತಲೆಯಾಡಿಸಿ ಹಾಳೆಯನ್ನು ನಾಲ್ಕಾಗಿ ಮಡಚಿ ಚೀಲದೊಳಗೆ ಇಟ್ಟುಕೊಂಡಳು. ಮುಂದಿನ ಎರಡು ಕೂಟಕ್ಕೆ ಬರಲಿಲ್ಲ.

ಆ ರಾತ್ರಿ ನಾನೂ ಸೊಸೆಯೂ ಜಗಳವನ್ನೇ ಆಡಿದೆವು ಎನ್ನಬಹುದು. ಈಗ ಜಗಳ ಆಡುವಷ್ಟು ಸಲುಗೆ ಇದೆ ನೋಡಿ. ಪರೀಕ್ಷೆಯ ತಪ್ಪಲ್ಲ, ನಡೆಸಿದವರ ತಪ್ಪು ಎಂದು ಅವಳು. ಒಂದು ಪದವನ್ನು ಕೈಗೆ ಕೊಟ್ಟರೆ ಮುಂದಿನದನ್ನು ಯಾರೂ ಕೇಳುವುದಿಲ್ಲ, ನಾನೇ ಕೇಳಲಿಲ್ಲವಲ್ಲ ಎಂದು ನಾನು. ಕೊನೆಗೆ ಅವಳೇ ಕೆಲವು ಕಟ್ಟಳೆ ಮಾಡಿಕೊಂಡಳು. ಹಾಳೆ ಬರೆದವರದ್ದು, ಅವರು ಕೊಡದೆ ಅದು ಇನ್ನೊಬ್ಬರ ಕಣ್ಣಿಗೆ ಬೀಳಕೂಡದು, ಸಭಾಪಾಲಕರಿಗೂ ಕೂಡ. ಮೊದಲು ತನ್ನದನ್ನು ತೋರಿಸಬೇಕು. ಕೈಗೆ ಪೆನ್ಸಿಲು ಕೊಟ್ಟು, ತಪ್ಪಿದ್ದ ಕಡೆ ಗೀಟು ಎಳೆಯಿರಿ ಎನ್ನಬೇಕು. ಹೊಡೆತ, ಕುಡಿತ, ನಿದ್ದೆಯಿಲ್ಲದ ರಾತ್ರಿಗಳ ಮಾತು ಬಂದರೆ ಹಾಳೆ ಮಡಚಿಟ್ಟು ಡಾಕ್ಟರಲ್ಲಿಗೋ, ವಕೀಲರಲ್ಲಿಗೋ ಜೊತೆಗೆ ಹೋಗಬೇಕು. ಆ ಚಿಕ್ಕ ಹೆಂಗಸಿನ ಮನೆಗೆ ಅವಳು ಹಾಳೆಯಿಲ್ಲದೆ ಹೋದಳು. ಈಗಲೂ ಗುರುವಾರ ಗುರುವಾರ ಹೋಗುತ್ತಾಳೆ. ಅಲ್ಲಿ ಏನು ಮಾತಾಗುತ್ತದೆ ಎಂದು ನಾನು ಕೇಳುವುದಿಲ್ಲ, ಅವಳು ಹೇಳುವುದೂ ಇಲ್ಲ.

ಕ್ರಿಸ್ಮಸ್ಸಿಗೆ ಮುಂಚೆ ಒಂದು ರವಿಕೆ ಬಟ್ಟೆ ಹಿಡಿದುಕೊಂಡು ನಾನು ಪೇಟೆಯ ಆ ಟೈಲರಿಂಗ್ ಅಂಗಡಿಗೆ ಹೋದೆ. ಹೊಲಿಸಬೇಕಾದದ್ದು ನಿಜ, ಆದರೆ ನನ್ನ ರವಿಕೆಗಳನ್ನು ಹೊಲಿಯುವವರು ನಮ್ಮ ಬೀದಿಯಲ್ಲೇ ಇದ್ದಾರೆ. ಅವಳು ಅಳತೆ ತೆಗೆದು ಬರೆದುಕೊಂಡಳು. ತೋಳು ಎಷ್ಟು, ಕುತ್ತಿಗೆ ಎಷ್ಟು ಎಂದೆಲ್ಲ ಆದ ಮೇಲೂ ನಾನು ಹೊರಡಲಿಲ್ಲ. ಇಪ್ಪತ್ತು ವರ್ಷ ತಡವಾದ ಪ್ರಶ್ನೆಯನ್ನು ಹೇಗೆ ಕೇಳುವುದೆಂದು ಗೊತ್ತಾಗದೆ ಕೊನೆಗೆ ಸೀದಾ ಕೇಳಿದೆ. "ನಿನ್ನ ಅಮ್ಮ ಹೇಗಿದ್ದರು? ನಾನು ಆವತ್ತು ಕೇಳಲಿಲ್ಲ."

ಅವಳು ಟೇಪನ್ನು ಕುತ್ತಿಗೆಯಿಂದ ತೆಗೆದು ಮೆಷಿನ್ನಿನ ಮೇಲಿಟ್ಟಳು. ನನಗೊಂದು ಸ್ಟೂಲು ಎಳೆದು ಕೊಟ್ಟಳು.

"ಭಾರೀ ಮಾತು ಟೀಚರ್ ನನ್ನ ಅಮ್ಮನದ್ದು. ಬಾವಿಕಟ್ಟೆಯಲ್ಲಿ ನಿಂತ್ರೆ ಕೊಡ ತುಂಬಿ ಚೆಲ್ಲಿದ್ದೂ ಗೊತ್ತಾಗ್ತಿರ್ಲಿಲ್ಲ" ಎಂದು ಶುರುಮಾಡಿದವಳು, ಎದುರಿನ ಅಂಗಡಿಯವರು ಬಾಗಿಲು ಎಳೆಯುವವರೆಗೂ ಹೇಳುತ್ತಲೇ ಇದ್ದಳು.